ಎಣ್ಣೆ ಕೆಲಸದ ಸಭಾ ಹಿರಿಯರು

ಹೋದ ತಿಂಗಳು ಈ ಅಂಕಣದ ಕೊನೆಯಲ್ಲಿ ಎರಡೇ ಸಾಲು ಬರೆದಿದ್ದೆ. ಬಾಂಬೆ ಹೈ ಅನ್ನುವ ಸಮುದ್ರದ ಎಣ್ಣೆ ಬಾವಿಗಳಲ್ಲಿ ನನ್ನ ಜೊತೆ ಡ್ಯೂಟಿ ಮಾಡಿದ, ಕೋಲಾರದ ಒಂದು ಸಣ್ಣ ಚರ್ಚ್ ಸಭೆಗೆ ಹಿರಿಯರಾಗಿದ್ದ ಗೆಳೆಯರು ತೀರಿಕೊಂಡರು ಅಂತ. ಈ ಸಲ ಬಂದ ಪತ್ರಗಳಲ್ಲಿ ಅರ್ಧ ಅವರ ಬಗ್ಗೆಯೇ. ಹಾಗಾಗಿ ಪಿಂಚಣಿ, ಬೋರ್‌ವೆಲ್, ಅತ್ತೆ-ಸೊಸೆ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ. ಹೆಸರು ಬೇಡ ಅಂತ ಮನೆಯವರು ಹೇಳಿದ್ದಾರೆ. ರಿಗ್‌ನಲ್ಲಿ, ಅಂದರೆ ಬಾವಿ ಕೊರೆಯುವ ಕಟ್ಟೆಯ ಮೇಲೆ, ನಾವು ಕನ್ನಡದವರೆಲ್ಲ ಅವರನ್ನು ‘ಅಣ್ಣ’ ಅನ್ನುತ್ತಿದ್ದೆವು. ಇಲ್ಲೂ ಹಾಗೇ ಇರಲಿ.

ಎಣ್ಣೆ ಕೆಲಸದವರು ಚರ್ಚಿಗೆ ಹಿರಿಯರು ಹೇಗಾದರು ಸಾರ್? ತಮಾಷೆ ಅಲ್ಲ. ಅಂದರೆ, ಅರ್ಧ ತಮಾಷೆ.
— ಚಿಂತಾಮಣಿಯ ಓದುಗರು

ಈ ತಮಾಷೆ ಅಣ್ಣನಿಗೂ ಗೊತ್ತಿತ್ತು. ರಜೆಗೆ ಬಂದಾಗ ಕ್ಲಾಕ್ ಟವರ್ ಹತ್ತಿರ ಯಾರಾದರೂ ‘ಏನ್ ಕೆಲ್ಸ?’ ಅಂದರೆ ‘ಎಣ್ಣೆ ಕಂಪನಿ’ ಅನ್ನುತ್ತಿದ್ದರು. ಕೆಲವರು ಕಡಲೆಕಾಯಿ ಎಣ್ಣೆ ಮಿಲ್ ಅಂದುಕೊಂಡರು, ಕೆಲವರು ವೈನ್ ಶಾಪ್. ಅಣ್ಣ ತಿದ್ದಲು ಹೋಗುತ್ತಿರಲಿಲ್ಲ. ಅಸಲಿಗೆ ರಿಗ್ ಮೇಲೆ ಒಂದು ತೊಟ್ಟೂ ಕುಡಿಯುವ ಹಾಗಿಲ್ಲ. ಹೆಲಿಕಾಪ್ಟರ್ ಹತ್ತುವ ಮುಂಚೆ ನಮ್ಮನ್ನೂ ನಮ್ಮ ಬ್ಯಾಗನ್ನೂ ತೂಕಕ್ಕೆ ಹಾಕುತ್ತಿದ್ದರು, ಬೆಂಕಿಪೊಟ್ಟಣ ಇದ್ದರೆ ಇಸಿದುಕೊಳ್ಳುತ್ತಿದ್ದರು.

ಬಾಂಬೆ ಹೈ ಇರುವುದು ಮುಂಬೈನಿಂದ ಸುಮಾರು 160 ಕಿಲೋಮೀಟರ್ ಆಚೆ, ಅರಬ್ಬೀ ಸಮುದ್ರದಲ್ಲಿ. 1974ರಲ್ಲಿ ‘ಸಾಗರ್ ಸಾಮ್ರಾಟ್’ ರಿಗ್ ಕೊರೆದಾಗ ಅಲ್ಲಿ ಎಣ್ಣೆ ಸಿಕ್ಕಿತು. 1976ರಲ್ಲಿ ತೆಗೆಯುವುದು ಶುರುವಾಯಿತು. ಅಣ್ಣ ಸೇರಿದ್ದು ಎಂಬತ್ತರ ದಶಕದಲ್ಲಿ, ಡೆರಿಕ್‌ಮ್ಯಾನ್ ಆಗಿ. ಕೊರೆಯುವ ಪೈಪ್ ಒಂದೊಂದೂ ಸುಮಾರು 30 ಅಡಿ ಇರುತ್ತದೆ. ಮೂರು ಸೇರಿಸಿದರೆ ಒಂದು ಸ್ಟ್ಯಾಂಡ್. ತುದಿಯಲ್ಲಿ ಕಲ್ಲು ಕೊರೆಯುವ ಬಿಟ್ ಸವೆದರೆ ಅಷ್ಟೂ ಪೈಪನ್ನು ಮೇಲೆಳೆದು, ಸ್ಟ್ಯಾಂಡ್ ಲೆಕ್ಕದಲ್ಲಿ ಬಿಚ್ಚಿ, ಗೋಪುರದೊಳಗೆ ಸಾಲಾಗಿ ನಿಲ್ಲಿಸಬೇಕು. 90 ಅಡಿ ಮೇಲೆ ‘ಮಂಕಿ ಬೋರ್ಡ್’ ಅಂತ ಒಂದು ಅಟ್ಟಣೆ. ಅದರ ಮೇಲೆ ಬೆಲ್ಟ್ ಕಟ್ಟಿಕೊಂಡು ನಿಂತು, ತೂಗಾಡುವ ಪೈಪಿನ ತಲೆಯನ್ನು ಹಗ್ಗ ಹಾಕಿ ಎಳೆದು ಸಂದಿಗೆ ಸೇರಿಸುವವನೇ ಡೆರಿಕ್‌ಮ್ಯಾನ್. ಮಳೆಗಾಲದ ಗಾಳಿಗೂ ಅದೇ ಕೆಲಸ.

ಕೆಳಗಿಳಿದರೆ ಮಡ್ ನೋಡಿಕೊಳ್ಳಬೇಕು. ಜೇಡಿ, ಬರೈಟ್ ಪುಡಿ ಎಲ್ಲ ಕಲಸಿದ ಕೆಸರು ಅದು. ಬಾವಿಯಲ್ಲಿ ಅದರ ತೂಕ ಕಮ್ಮಿಯಾದರೆ ಕೆಳಗಿನ ಗ್ಯಾಸ್ ಎದ್ದು ಬರುತ್ತದೆ. ಅಣ್ಣ ಮೊದಲು ಅದನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು, ತಕ್ಕಡಿಗೆ ಹಾಕುವುದು ಆಮೇಲೆ. ಮನೆಯಲ್ಲಿ ಮುದ್ದೆಯನ್ನೂ ಹಾಗೇ ಉಜ್ಜಿ ನೋಡ್ತಾರೆ ಅಂತ ಅವರ ಮನೆಯವರ ದೂರು.

ಅವರ ತಂದೆ ಕೆಜಿಎಫ್ ಗಣಿಯಲ್ಲಿದ್ದವರು. ಅಲ್ಲಿನ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಜಾಸ್ತಿ ಆಳ. ‘ಅಪ್ಪ ತೂತಿನೊಳಗೆ ಇಳೀತಿದ್ರು, ನಾನು ತೂತಿನ ಮೇಲೆ ಹತ್ತೀನಿ’ ಅನ್ನುತ್ತಿದ್ದರು. ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಸಭೆಯಲ್ಲಿ ಕನ್ನಡ. ಎಂಜಿನ್ ಸದ್ದಿಗೆ ಕಿವಿ ಮಂದವಾಗಿದ್ದರಿಂದ ಮೂರೂ ಭಾಷೆ ಜೋರೋ ಜೋರು.

ಸಭಾ ಹಿರಿಯರು ಅಂದರೆ ಪಾದ್ರಿಗಳೇನಾ?
— ತಿಪಟೂರಿನ ಓದುಗರು

ಅಲ್ಲ. ನಾನು ಆ ಸಭೆಯವನಲ್ಲ, ಕ್ರಿಸ್‌ಮಸ್ ದಿನ ಕೇಕ್ ತಿನ್ನಲು ಹೋಗುವವನು. ನೋಡಿದ್ದನ್ನು ಹೇಳುತ್ತೇನೆ. ಸಭಾಪಾಲಕರು ಅದಕ್ಕೆ ಅಂತ ಓದಿ, ದೀಕ್ಷೆ ಪಡೆದು ಬಂದವರು. ಇವತ್ತು ಇಲ್ಲಿ, ನಾಳೆ ಇನ್ನೊಂದು ಊರು. ಹಿರಿಯರು ಊರಲ್ಲೇ ಇರುವವರು. ಸಂಬಳ ಇಲ್ಲ, ಬೀಗದ ಕೈ ಇದೆ. ಎಲ್ಲಾ ಪಂಗಡಗಳಲ್ಲೂ ಪದ್ಧತಿ ಒಂದೇ ಥರ ಇರುವುದಿಲ್ಲ.

ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಪೌಲ ತಿಮೊಥೆಯನಿಗೂ ತೀತನಿಗೂ ಬರೆದ ಪತ್ರಗಳಲ್ಲಿ ಇಂಥವರು ಹೇಗಿರಬೇಕು ಅಂತ ಇದೆ. ಕುಡುಕರಾಗಿರಬಾರದು, ಜಗಳಗಂಟರಾಗಿರಬಾರದು, ತಮ್ಮ ಮನೆಯನ್ನು ಚೆನ್ನಾಗಿ ನಡೆಸಿರಬೇಕು. ಅಣ್ಣ ಸಿಕ್ಕಿಕೊಂಡಿದ್ದು ಈ ಮನೆಯ ವಿಷಯಕ್ಕೆ. 14 ದಿನ ಸಮುದ್ರ, 14 ದಿನ ಊರು. ‘ಅರ್ಧ ವರ್ಷ ಮನೇಲೇ ಇಲ್ದೋನು, ಮನೆ ನಡೆಸ್ದೆ ಅಂತ ಹೆಂಗೆ ಹೇಳ್ಲಿ?’ ಅಂತ ಎರಡು ಸಲ ಬೇಡ ಅಂದರು. ನಿವೃತ್ತಿಯಾದ ಮೇಲೆ, 2009ರಲ್ಲಿ ಒಪ್ಪಿದರು. ಜಗಳದ ವಿಷಯದಲ್ಲಿ ಮಾತ್ರ ಅವರು ಪೂರ್ತಿ ಪಾಸು ಅಂತ ನಾನು ಹೇಳಲಾರೆ. ಮೈಕ್ ಬೇಕೋ ಬೇಡವೋ ಅನ್ನುವ ಜಗಳ ಎರಡು ಸುಗ್ಗಿ ಹಬ್ಬ ದಾಟಿತು. ಬೇಕು ಅಂತ ಹಟ ಹಿಡಿದವರು ಇವರೇ. ಕಿವಿ ಕೇಳಿಸುತ್ತಿಲ್ಲ ಅಂತ ಒಂದು ಮಾತು ಹೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಹೇಳಲಿಲ್ಲ.

ನಾನು ಅದೇ ಸಭೆಯವಳು. ಪ್ರತಿ ಭಾನುವಾರ ಹಿಂದೆ ನಿಂತು ನಮ್ಮನ್ನೆಲ್ಲ ಎಣಿಸಿ ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ತಲೆಗೆಷ್ಟು ಕಾಣಿಕೆ ಬಿತ್ತು ಅಂತ ಲೆಕ್ಕ ಹಾಕ್ತಾರೆ ಅಂತ ನಾವು ನಗುತ್ತಿದ್ದೆವು. ನಿಜ ಏನು?
— ಕೋಲಾರದ ಓದುಗರು

ಅಮ್ಮಾ, ಇದಕ್ಕೆ ಉತ್ತರ ಸ್ವಲ್ಪ ಉದ್ದ. ಅದರಲ್ಲಿ ನನ್ನ ತಪ್ಪೂ ಒಂದಿದೆ.

ನಾನು ರೇಡಿಯೋ ರೂಮಿನವನು. ರಿಗ್ ಮೇಲೆ ಈ ಗಳಿಗೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನುವ ಪಟ್ಟಿ ನನ್ನ ಕೈಯಲ್ಲಿ. ಅದಕ್ಕೆ ಪಿಓಬಿ ಅನ್ನುತ್ತಾರೆ. ಹೆಲಿಕಾಪ್ಟರ್ ಬಂದಾಗ ಸೇರಿಸಬೇಕು, ಹೋದಾಗ ಹೊಡೆದುಹಾಕಬೇಕು. ಸೈರನ್ ಆದರೆ ಎಲ್ಲರೂ ಲೈಫ್‌ಬೋಟ್ ಹತ್ತಿರ ಓಡಿ ತಮ್ಮ ತಮ್ಮ ಕಾರ್ಡ್ ಹಾಕಬೇಕು. ಕಾರ್ಡೂ ಪಟ್ಟಿಯೂ ತಾಳೆಯಾಗಬೇಕು. ಒಂದು ಸಲ ಸೈರನ್ ಅಭ್ಯಾಸದ ದಿನ ಪಟ್ಟಿಯಲ್ಲಿ 84, ಕಾರ್ಡ್ 83. ಮಧ್ಯಾಹ್ನದ ಬಿಸಿಲು, ಎಲ್ಲರ ಮೈಮೇಲೂ ಲೈಫ್ ಜಾಕೆಟ್. ಮುಕ್ಕಾಲು ಗಂಟೆ ಬಂಕು, ಬಚ್ಚಲು, ಎಂಜಿನ್ ರೂಮು ಎಲ್ಲ ಹುಡುಕಿದರು. ಕಡೆಗೆ ನೋಡಿದರೆ ಆ ಮನುಷ್ಯ ಬೆಳಗಿನ ಹೆಲಿಕಾಪ್ಟರ್‌ನಲ್ಲೇ ಮುಂಬೈಗೆ ಹೋಗಿದ್ದಾನೆ. ನಾನು ಹೆಸರು ಹೊಡೆಯುವುದನ್ನು ಮರೆತಿದ್ದೆ. ಉಳಿದ 82 ಜನರಿಂದಲೂ ಬೈಸಿಕೊಂಡೆ. ಅಲ್ಲ, 81. ಅಣ್ಣ ರಾತ್ರಿ ಟೀ ತಗೊಂಡು ರೂಮಿಗೆ ಬಂದು, ‘ಲಿಸ್ಟ್‌ನಲ್ಲಿ ಒಬ್ರು ಜಾಸ್ತಿ ಇದ್ರೆ ಪರವಾಗಿಲ್ಲ ಕಣಯ್ಯ, ಹುಡುಕ್ತಾರೆ. ಕಮ್ಮಿ ಇದ್ರೆ ಯಾರೂ ಹುಡುಕಕ್ಕೇ ಹೋಗಲ್ಲ’ ಅಂದರು.

ಆಮೇಲೆ 2005 ಬಂತು. ಜುಲೈ 26ಕ್ಕೆ ಮುಂಬೈ ಮಳೆಯಲ್ಲಿ ಮುಳುಗಿತು. 27ರಂದು ಒಂದು ಹಡಗಿನಲ್ಲಿ ಕೈಗೆ ಪೆಟ್ಟು ಮಾಡಿಕೊಂಡ ಅಡುಗೆಯವರೊಬ್ಬರನ್ನು ಬಾಂಬೆ ಹೈ ನಾರ್ತ್ ಪ್ಲಾಟ್‌ಫಾರ್ಮಿಗೆ ದಾಟಿಸುವಾಗ ಹಡಗು ಬಡಿದು ಪೈಪ್ ಒಡೆಯಿತು. ಬೆಂಕಿ ಹತ್ತಿತು. ಸುಮಾರು ಎರಡು ಗಂಟೆಯಲ್ಲಿ ಇಡೀ ಪ್ಲಾಟ್‌ಫಾರ್ಮ್ ಹೋಯಿತು. 22 ಜನ ಸತ್ತರು. ಅಣ್ಣ ರಜೆಯಲ್ಲಿ ಕೋಲಾರದಲ್ಲಿದ್ದರು. ನಾನು ಬೇರೆ ರಿಗ್‌ನಲ್ಲಿ ರೇಡಿಯೋ ಮುಂದೆ. ರಾತ್ರಿಯೆಲ್ಲ ಕೇಳಿದ್ದು ಬರೀ ಅಂಕಿ. ಇಷ್ಟು ಜನ ಸಿಕ್ಕರು, ಇಷ್ಟು ಜನ ಸಿಗಬೇಕು. ಮೂರನೇ ದಿನ ಅಣ್ಣನಿಗೆ ಲೈನ್ ಸಿಕ್ಕಿತು. ‘ಹೇಗಿದೀಯ’ ಅನ್ನಲಿಲ್ಲ. ‘ಲೆಕ್ಕ ಎಲ್ಲಿಗೆ ಬಂತು?’ ಅಂದರು.

ನೀವು ನೋಡಿದ ಪುಸ್ತಕ ಟ್ಯಾಲಿ ಬುಕ್. ಬಾವಿಗೆ ಇಳಿಸುವ ಪೈಪಿನ ಉದ್ದ ಬರೆದುಕೊಳ್ಳಲು ರಿಗ್‌ನವರು ಜೇಬಲ್ಲಿ ಇಟ್ಟುಕೊಳ್ಳುತ್ತಿದ್ದದ್ದು. ನಾನು ಅದನ್ನು ತೆಗೆದು ನೋಡಿದ್ದೇನೆ. ಕಾಣಿಕೆಯ ಲೆಕ್ಕ ಒಂದೂ ಇಲ್ಲ. ಅದನ್ನು ಇಬ್ಬರು ಎಣಿಸಿ ಸಹಿ ಹಾಕುವ ದಪ್ಪ ಪುಸ್ತಕ ಬೇರೆಯೇ ಇತ್ತು, ಇವರು ಆ ಕೆಲಸಕ್ಕೆ ಕೈ ಹಾಕುತ್ತಲೂ ಇರಲಿಲ್ಲ. ಇದರಲ್ಲಿ ತಾರೀಖು, 62, 58, 71. ಪಕ್ಕದಲ್ಲಿ ಬರದವರ ಮನೆ ಗುರುತು. ‘ಟೇಕಲ್ ರಸ್ತೆ ಅಜ್ಜಿ’, ‘ಟೈಲರ್’, ‘ಹೊಸ ಮದುವೆ’. ಭಾನುವಾರ ಸಂಜೆ ಮೊಪೆಡ್ ಹತ್ತಿ ಅಂಥ ಮನೆಗಳಿಗೆ ಹೋಗುತ್ತಿದ್ದರು. ಬುದ್ಧಿ ಹೇಳುತ್ತಿರಲಿಲ್ಲ. ‘ಕಾಣ್ಲಿಲ್ಲ, ಚೆನ್ನಾಗಿದ್ದೀರಾ?’ ಅಂದು ನೀರು ಕುಡಿದು ಎದ್ದು ಬರುತ್ತಿದ್ದರು. ಟೊಮ್ಯಾಟೊ ಮಂಡಿಯವರೊಬ್ಬರು ಸೀಸನ್‌ನಲ್ಲಿ ಎಂಟು ವಾರ ಸಭೆಗೆ ಬರಲಿಲ್ಲವಂತೆ. ಎಂಟು ವಾರವೂ ಅಣ್ಣ ಮಾರ್ಕೆಟ್ ಯಾರ್ಡಿಗೇ ಹೋಗಿ, ಕ್ರೇಟುಗಳ ಮಧ್ಯೆ ನಿಂತು ಅದೇ ಪ್ರಶ್ನೆ ಕೇಳಿದರು. ಒಂಬತ್ತನೇ ವಾರ ಆ ಮನುಷ್ಯ ಸುಮ್ನೆ ಬಂದು ಮುಂದಿನ ಬೆಂಚಲ್ಲಿ ಕೂತ.

ನೀವು ನಕ್ಕಿದ್ದು ಅವರಿಗೂ ಗೊತ್ತಿತ್ತು. ಅದಕ್ಕೆ ಬೇಸರ ಬೇಡ.

ನಮ್ಮ ತಂದೆಯೂ ಎಣ್ಣೆ ಕಂಪನಿಯಲ್ಲಿದ್ದವರು, ಈಚೆಗೆ ತೀರಿಕೊಂಡರು. ನಮಗೆ ಗೊತ್ತಿರುವುದು ಅವರ ರಜೆಯ ದಿನಗಳು ಮಾತ್ರ. ಸ್ಮರಣೆಯ ಆರಾಧನೆಯಲ್ಲಿ ಓದಲು ಏನು ಬರೆಯಲಿ?
— ಗೌರಿಬಿದನೂರಿನ ಓದುಗರು

ಅಣ್ಣನ ಮಣ್ಣಿನ ದಿನ ಒಂದು ಹಾಳೆ ಓದಿದರು. ‘ಸರಳ ಸಜ್ಜನರು, ದೈವಭಕ್ತರು, ಎಣ್ಣೆ ಸಂಸ್ಥೆಯಲ್ಲಿ ಉದ್ಯೋಗಿಯಾಗಿದ್ದರು’ ಅಂತ. ಸುಳ್ಳಲ್ಲ. ಆದರೆ ಆ 90 ಅಡಿ ಅದರಲ್ಲಿ ಇರಲಿಲ್ಲ. ಎದ್ದು ಎರಡು ಮಾತು ಹೇಳಬಹುದಿತ್ತು, ನಾನು ಬಾಯಿ ಬಿಡಲಿಲ್ಲ. ಅದಕ್ಕೇ ಈಗ ಇಷ್ಟುದ್ದ ಬರೆಯುತ್ತಿರುವುದು.

ನೀವು ಮೊದಲು ಅವರ ಹಳೇ ಸೂಟ್‌ಕೇಸ್ ತೆಗೆಯಿರಿ. ಟ್ರೇನಿಂಗ್ ಸರ್ಟಿಫಿಕೇಟು, ಮೆಡಿಕಲ್ ಕಾರ್ಡು, ರೈಲು ಟಿಕೆಟ್ ಏನಾದರೂ ಇದ್ದೇ ಇರುತ್ತದೆ. ಅವುಗಳ ಮೇಲೆ ತಾರೀಖು ಇರುತ್ತದೆ, ಹುದ್ದೆಯ ಹೆಸರು ಇರುತ್ತದೆ. ಆ ಹುದ್ದೆಯವರು ಬೆಳಿಗ್ಗೆ ಎದ್ದು ಕೈಯಲ್ಲಿ ಏನು ಹಿಡಿಯುತ್ತಿದ್ದರು ಅಂತ ಕೇಳಿ ಬರೆಯಿರಿ. ಕೇಳಲು ಯಾರೂ ಗೊತ್ತಿಲ್ಲ ಅಂದರೆ ಯಾವ ರಿಗ್, ಯಾವ ವರ್ಷ ಅಂತ ನನಗೆ ಒಂದು ಕಾರ್ಡ್ ಹಾಕಿ. ಅವರ ಜೊತೆ ಇದ್ದವರು ನಮ್ಮ ಮೂರು ಜಿಲ್ಲೆಯಲ್ಲಿ ಯಾರಾದರೂ ಇದ್ದಾರಾ ಅಂತ ಫೋನ್ ಮಾಡಿ ಹುಡುಕುತ್ತೇನೆ.