ಮ್ಯಾಜಿಕ್‌ಗೆ ಕನ್ನಡದಲ್ಲಿ ಯಾವ ಪದ ಸರಿ?

ಒಂದೇ ಪದ ಸಾಲುವುದಿಲ್ಲ. ಯಾವ ಮ್ಯಾಜಿಕ್ ಅನ್ನೋದರ ಮೇಲೆ ಪದ ಬದಲಾಗುತ್ತದೆ.

ವೇದಿಕೆಯ ಆಟಕ್ಕೆ ಜಾದೂ, ಇಂದ್ರಜಾಲ, ಯಕ್ಷಿಣಿ ಎನ್ನುತ್ತಾರೆ. ಜಾದೂ ಪಾರಸಿಯಿಂದ ಬಂದದ್ದು, ಇಂದ್ರಜಾಲ ಸಂಸ್ಕೃತದ್ದು. ನನಗೆ ತುಂಬಾ ಇಷ್ಟವಾದ ಪದ ಕಣ್ಕಟ್ಟು. ಜಾತ್ರೆಯಲ್ಲಿ ಗಾರುಡಿಗ ಬಲಗೈಯನ್ನು ಜೋರಾಗಿ ಬೀಸುತ್ತಾನೆ, ನಾವೆಲ್ಲ ಅದನ್ನೇ ನೋಡುತ್ತಿರುವಾಗ ನಾಣ್ಯ ಎಡಗೈಯಲ್ಲಿ ಬೆರಳ ಸಂದಿಗೆ ಸೇರಿಬಿಟ್ಟಿರುತ್ತದೆ, ಆಮೇಲೆ ಯಾವುದೋ ಹುಡುಗನ ಕಿವಿಯ ಹಿಂದಿನಿಂದ ಅದನ್ನು ತೆಗೆಯುತ್ತಾನೆ. ಕಟ್ಟಿದ್ದು ನಮ್ಮ ಕಣ್ಣನ್ನೇ ಅಲ್ವಾ? ಆ ಇಡೀ ಗುಟ್ಟು ಪದದಲ್ಲೇ ಇದೆ!

ಕೆಡುಕು ಮಾಡಲು ಮಾಡುವುದು ಮಾಟ. ಬೆಳಿಗ್ಗೆ ಬಾಗಿಲ ಮುಂದೆ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿದ್ದರೆ ಜನ ಹೆದರುವುದು ಇದಕ್ಕೇ. ಇದನ್ನು ಜಾದೂ ಜೊತೆ ಬೆರೆಸಬೇಡಿ. ವಾಮಾಚಾರ ತಡೆಯಲು ಕರ್ನಾಟಕದಲ್ಲಿ 2017ರ ಕಾನೂನೇ ಇದೆ. ದೇವರು, ಸಂತರ ವಿಷಯಕ್ಕೆ ಪವಾಡ.

ದಿನದ ಮಾತಿನಲ್ಲಿ ಜಾಸ್ತಿ ಕೇಳುವುದು ಮೋಡಿ. 'ಅವಳ ದನಿ ಮೋಡಿ ಮಾಡಿತು' ಅಂದರೆ ಮನಸ್ಸು ಸೆಳೆಯಿತು ಎಂದರ್ಥ. 'ಕಷಾಯ ಕುಡಿದೆ, ನೆಗಡಿ ಮಾಯ' ಅನ್ನುವಾಗ ಸುಮ್ನೆ 'ಮಾಯ' ಸಾಕು. ಅಲ್ಲಿ 'ಇಂದ್ರಜಾಲದಂತೆ' ಎಂದು ಬರೆದರೆ ಕಿವಿಗೆ ಒಗ್ಗುವುದಿಲ್ಲ.