ಏನನ್ನೂ ಕೇಳದ ಹುಡುಗಿ

ಹೆಸರು, ಊರು, ಅಪ್ಪನ ಕಸುಬು ಎಲ್ಲವನ್ನೂ ಬದಲಿಸಿ ಬರೆಯುತ್ತಿದ್ದೇನೆ. ಹುಡುಗಿಯನ್ನು ಗೌರಿ ಅನ್ನೋಣ. ವಯಸ್ಸು 13, ಎಂಟನೇ ಕ್ಲಾಸು, ತಾಲ್ಲೂಕು ಊರೊಂದರ ಹೈಸ್ಕೂಲು. ಬರೆಯೋದಕ್ಕೆ ಅವಳೂ ಅವಳ ಅಪ್ಪನೂ ಒಪ್ಪಿದ್ದಾರೆ. "ನನ್ನ ಥರದವರು ಇನ್ನೂ ಇರ್ತಾರೆ ಅಲ್ವಾ ಮಿಸ್, ಬರೀರಿ" ಅಂದದ್ದು ಅವಳೇ.

ಅವಳನ್ನು ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಕಳಿಸಿದವರು ಶಾಲೆಯ ಕನ್ನಡ ಟೀಚರ್. ಶಾಲೆಯ ಲೈಬ್ರರಿಯಿಂದ ಒಯ್ದ ಒಂದು ಕಾದಂಬರಿಯನ್ನು ಹುಡುಗಿ ವಾಪಸ್ ಕೊಡುತ್ತಿರಲಿಲ್ಲ. ಕೇಳಿದಾಗೆಲ್ಲ "ಇನ್ನೂ ಓದಿ ಮುಗಿದಿಲ್ಲ" ಅನ್ನುತ್ತಿದ್ದಳು. ಪುಸ್ತಕ ಚಿಕ್ಕದು, ಎರಡು ದಿನದಲ್ಲಿ ಮುಗಿಯುವಂಥದ್ದು. ತಾಯಿಯಿಲ್ಲದೆ, ಬಂಧುಗಳ ಮನೆಯಲ್ಲಿ ಯಾರಿಗೂ ಬೇಡವಾಗಿ ಬೆಳೆಯುವ ಹುಡುಗಿಯ ಕಥೆ. (ಪುಸ್ತಕದ ಹೆಸರು ಹೇಳಿದರೆ ಆ ಊರಿನವರಿಗೆ ಹುಡುಗಿ ಯಾರು ಅಂತ ಗೊತ್ತಾಗಬಹುದು, ಅದಕ್ಕೆ ಹೇಳುತ್ತಿಲ್ಲ.)

ಆದರೆ ಟೀಚರ್‌ಗೆ ಚಿಂತೆ ಹಚ್ಚಿದ್ದು ಪುಸ್ತಕವೊಂದೇ ಅಲ್ಲ. ಮಾರ್ಕ್ಸ್ ಕಾರ್ಡಿನಲ್ಲಿದ್ದ ಅಪ್ಪನ ಸಹಿಗೂ ಸ್ಕಾಲರ್‌ಶಿಪ್ ಅರ್ಜಿಯಲ್ಲಿದ್ದ ಅಪ್ಪನ ಸಹಿಗೂ ತಾಳೆಯಾಗುತ್ತಿರಲಿಲ್ಲ. ಪೋಷಕರ ಸಭೆಗೆ ಯಾರೂ ಬಂದಿರಲಿಲ್ಲ. ಒಂದು ದಿನ ಮೈ ಸುಡುವ ಜ್ವರದಲ್ಲೂ ಶಾಲೆಗೆ ಬಂದು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಇನ್ನೊಂದು ಸಣ್ಣ ವಿಷಯವನ್ನೂ ಟೀಚರ್ ಗಮನಿಸಿದ್ದರು. ಗೌರಿಯ ಎರಡು ಜಡೆ ಮುಂದಿನಿಂದ ನೋಡಿದರೆ ಬಹಳ ಅಚ್ಚುಕಟ್ಟು, ರಿಬ್ಬನ್ನು ಮಡಿಚಿ ಮೇಲಕ್ಕೆ ಕಟ್ಟಿರುತ್ತಾಳೆ. ತಲೆಯ ಹಿಂದಿನ ಬೈತಲೆ ಮಾತ್ರ ದಿನಾ ಸೊಟ್ಟ. ತನ್ನ ತಲೆ ತಾನೇ ಬಾಚಿಕೊಳ್ಳುವ ಮಗುವಿಗೆ ಹಿಂದೆ ಹೇಗಿದೆ ಅಂತ ಕಾಣೋದಿಲ್ಲ, ನೋಡಿ ಹೇಳುವವರೂ ಮನೆಯಲ್ಲಿಲ್ಲ. ನಲವತ್ತು ಐವತ್ತು ಮಕ್ಕಳ ಕ್ಲಾಸಿನಲ್ಲಿ ಒಂದು ಸೊಟ್ಟ ಬೈತಲೆ ಕಣ್ಣಿಗೆ ಬೀಳಬೇಕಾದರೆ ಆ ಟೀಚರ್‌ಗೆ ಮಕ್ಕಳ ಮೇಲೆ ಎಷ್ಟು ಅಕ್ಕರೆ ಇರಬೇಕು!

ಮನೆಯ ಕಥೆ ಇಷ್ಟು. ಗೌರಿಗೆ ನಾಲ್ಕು ವರ್ಷವಿದ್ದಾಗ ತಾಯಿ ಕಾಯಿಲೆಯಿಂದ ತೀರಿಕೊಂಡರು. ಆಮೇಲೆ ನೋಡಿಕೊಂಡದ್ದು ಅಪ್ಪನ ತಾಯಿ. ಗೌರಿಗೆ ಏಳು ವರ್ಷವಾದಾಗ ಅಜ್ಜಿಯೂ ಹೋದರು. ಅಷ್ಟರಲ್ಲಿ ಅಪ್ಪ ಮರುಮದುವೆಯಾಗಿದ್ದರು, ಈಗ ಇಬ್ಬರು ಪುಟ್ಟ ತಮ್ಮಂದಿರಿದ್ದಾರೆ. ಅಪ್ಪನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ, ಬಡತನವಿಲ್ಲ. ಹೊಡೆತ ಬಡಿತ ಇಲ್ಲ, ಕುಡಿತ ಇಲ್ಲ.

ಅಪ್ಪ ಮೊದಲ ಸಲ ಬಂದಾಗ ಕುರ್ಚಿಯ ತುದಿಯಲ್ಲಿ ಕೂತು ಹೇಳಿದ್ದು: "ಏನು ಕಮ್ಮಿ ಮಾಡಿದೀನಿ ಮೇಡಂ? ಹೊಟ್ಟೆಗೆ ಬಟ್ಟೆಗೆ ಎಲ್ಲ ಇದೆ. ಒಂದು ದಿನ ಕೈ ಎತ್ತಿಲ್ಲ. ಅವಳೂ ಬಹಳ ಜಾಣೆ, ಒಂದು ತಕರಾರಿಲ್ಲ. ಏನೂ ಕೇಳೋದೇ ಇಲ್ಲ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಹುಡುಗಿ ಬೆಳಿಗ್ಗೆ ತಾನೇ ಎದ್ದು, ತನ್ನ ಯೂನಿಫಾರಂ ತಾನೇ ಒಗೆದು, ರಾತ್ರಿಯ ಅನ್ನಕ್ಕೆ ಒಗ್ಗರಣೆ ಹಾಕಿಕೊಂಡು ತಿಂದು, ತಮ್ಮನ ಶೂ ಲೇಸು ಕಟ್ಟಿ, ಯಾರಿಗೂ "ಹೋಗಿ ಬರ್ತೀನಿ" ಅಂತ ಹೇಳದೆ ಶಾಲೆಗೆ ಹೋಗುತ್ತಾಳೆ, ಸಂಜೆ ಬಂದರೆ ಬಂದದ್ದೂ ಯಾರಿಗೂ ಗೊತ್ತಾಗೋದಿಲ್ಲ. ನಾನು ನೀರು ಬೇಕಾ ಅಂದರೆ "ಬೇಡ ಮಿಸ್". ಫ್ಯಾನ್ ಹಾಕಲಾ ಅಂದರೆ "ಪರವಾಗಿಲ್ಲ ಮಿಸ್". ಅಷ್ಟು ಹೊತ್ತೂ ಅವಳ ಹಣೆಯ ಮೇಲೆ ಬೆವರಿತ್ತು.

ಇಂಥ ಮಕ್ಕಳನ್ನು ನಾವು ಹೊಗಳುತ್ತೇವೆ. ಎಷ್ಟು ಜವಾಬ್ದಾರಿ, ಎಷ್ಟು ಗಟ್ಟಿ ಹುಡುಗಿ ಅಂತೀವಿ. ನನಗೆ ಮಾತ್ರ ಅಳುವ, ರೇಗುವ, ಹಟ ಹಿಡಿಯುವ ಮಗುವಿಗಿಂತ ಇಂಥ ಮಗುವನ್ನು ಕಂಡರೇ ಜಾಸ್ತಿ ಆತಂಕ. ಹಟ ಹಿಡಿಯುವ ಮಗು ಯಾರಾದರೂ ತನ್ನ ಮಾತು ಕೇಳಿಸಿಕೊಳ್ಳುತ್ತಾರೆ ಅಂತ ಇನ್ನೂ ನಂಬಿರುತ್ತೆ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಎಳೆ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದ್ದರು. ಮಗುವಿನ ಜೊತೆ ನಗುತ್ತಾ ಆಡುತ್ತಿದ್ದ ತಾಯಿ, ಇದ್ದಕ್ಕಿದ್ದಂತೆ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರಬೇಕು, ಅಷ್ಟೇ. ಮಗು ಮೊದಲು ನಗುತ್ತೆ, ಕೂಗುತ್ತೆ, ಕೈ ಚಾಚುತ್ತೆ, ಏನೇನೋ ಮಾಡಿ ಅಮ್ಮನನ್ನು ಕರೆಯುತ್ತೆ. ಏನು ಮಾಡಿದರೂ ಆಗದಿದ್ದಾಗ ಮುಖ ತಿರುಗಿಸಿಬಿಡುತ್ತೆ. ಅಲ್ಲಿ ಅದು ಒಂದೆರಡು ನಿಮಿಷದ ಮಾತು, ತಾಯಿ ಮತ್ತೆ ನಕ್ಕು ಎತ್ತಿಕೊಳ್ಳುತ್ತಾಳೆ. ಗೌರಿ ಆರು ವರ್ಷದಿಂದ ಹಾಗೆ ಮುಖ ತಿರುಗಿಸಿಕೊಂಡು ಕೂತಿದ್ದಳು.

ಎರಡನೇ ಭೇಟಿಗೆ ಆ ಪುಸ್ತಕ ತರೋದಕ್ಕೆ ಹೇಳಿದೆ. ಮೇಜಿನ ಮೇಲಿಟ್ಟರೆ ತಾನಾಗೇ ಒಂದು ಪುಟಕ್ಕೆ ತೆರೆದುಕೊಳ್ಳುತ್ತಿತ್ತು, ಅಷ್ಟು ಸಲ ಅದೇ ಪುಟ ಓದಿದ್ದಳು. ಪಕ್ಕದ ಮನೆಯ ಅಜ್ಜಿಯೊಬ್ಬಳು ಆ ಹುಡುಗಿಯನ್ನು ಜಗಲಿಯ ಮೇಲೆ ಕೂರಿಸಿಕೊಂಡು ಎಣ್ಣೆ ಹಚ್ಚಿ ತಲೆ ಬಾಚುವ ಪುಟ.

"ಇದೇ ಯಾಕೆ ಇಷ್ಟ?" ಅಂದೆ.

"ಆ ಅಜ್ಜಿ ಅವಳನ್ನ ಏನೂ ಕೇಳಲ್ಲ ಮಿಸ್. ಓದ್ತೀಯಾ, ಎಷ್ಟು ಮಾರ್ಕ್ಸು, ಏನೂ ಇಲ್ಲ. ಸುಮ್ನೆ ಕೂರಿಸ್ಕೊಂಡು ಬಾಚ್ತಾಳೆ."

"ಕೊನೆಗೆ ಏನಾಗುತ್ತೆ?"

"ಅವಳು ಓದಿ ದೊಡ್ಡ ಆಫೀಸರ್ ಆಗ್ತಾಳೆ. ಅದು ನಂಗೆ ಅಷ್ಟು ಇಷ್ಟ ಆಗ್ಲಿಲ್ಲ."

ದೊಡ್ಡವರಿಗೆ ಇಷ್ಟವಾಗೋದು ಆ ಕೊನೆಯೇ. ಯಾರೂ ನೋಡಿಕೊಳ್ಳದಿದ್ದರೂ ಮೇಲೆ ಬಂದಳು ಅಂತ ಓದಿದರೆ ನಮಗೆ ಸಮಾಧಾನ, ನಮ್ಮ ಪಕ್ಕದ ಮನೆಯ ಮಗುವೂ ಹೇಗೋ ಮೇಲೆ ಬರುತ್ತೆ ಅಂದುಕೊಂಡು ಸುಮ್ಮನಾಗಬಹುದಲ್ಲ. ಮಕ್ಕಳು ಹಾಗೆ ಹೇಗೋ ಮೇಲೆ ಬರೋದಿಲ್ಲ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಸುಮಾರು 700 ಮಕ್ಕಳನ್ನು ಎಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಗಮನಿಸುತ್ತಾ ಹೋದರು. ಬಡತನ, ಮನೆಯಲ್ಲಿ ಜಗಳ, ತಂದೆತಾಯಿಯ ಕಾಯಿಲೆ ಹೀಗೆ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗದವರು ಚೆನ್ನಾಗಿಯೇ ದೊಡ್ಡವರಾದರು. ಅವರ ಬಾಲ್ಯದಲ್ಲಿ ಮತ್ತೆ ಮತ್ತೆ ಕಂಡುಬಂದದ್ದು, ತಂದೆತಾಯಿ ಆಗದಿದ್ದರೂ ಅಜ್ಜಿಯೋ ಅತ್ತೆಯೋ ಟೀಚರೋ ಪಕ್ಕದ ಮನೆಯವರೋ, ಕೈ ಬಿಡದೆ ಜೊತೆಗಿದ್ದ ಒಬ್ಬ ದೊಡ್ಡವರು. ಗೌರಿ ಇಷ್ಟು ದಿನ ಕುಸಿಯದೆ ನಿಂತದ್ದಕ್ಕೆ ಕಾರಣ ಅಜ್ಜಿ ಕೊಟ್ಟ ಆ ಮೂರು ವರ್ಷ ಅಂತ ನನ್ನ ನಂಬಿಕೆ. ಆದರೆ ಅಜ್ಜಿ ಕೂಡಿಟ್ಟುಹೋದದ್ದು ಖರ್ಚಾಗುತ್ತಾ ಬಂದಿತ್ತು.

ಅದು ಗೊತ್ತಾದದ್ದು ಮೊಬೈಲ್ ಅಂಗಡಿಯ ಹುಡುಗನ ಮಾತು ಬಂದಾಗ. 24-25ರ ವಯಸ್ಸಿನವನು. ಗೌರಿ ಅವನನ್ನು "ಅಣ್ಣ" ಅನ್ನುತ್ತಿದ್ದಳು. ದಿನಾ ಸಂಜೆ "ಊಟ ಆಯ್ತಾ, ಯಾಕೆ ಸಪ್ಪಗಿದೀಯಾ" ಅಂತ ಕೇಳುತ್ತಿದ್ದ. ಒಂದು ಹಳೇ ಫೋನ್ ಕೊಟ್ಟಿದ್ದ, ಮನೆಯಲ್ಲಿ ಹೇಳಬೇಡ ಅಂದಿದ್ದ. ಇಷ್ಟು ಹೇಳುವಾಗ ಹುಡುಗಿಯ ಮುಖದಲ್ಲಿ ಮೊದಲ ಬಾರಿ ಬೆಳಕು ನೋಡಿದೆ, ನನ್ನ ಎದೆ ಮಾತ್ರ ಝಲ್ ಅಂತು. ಹಸಿದ ಮಗು ಅನ್ನ ಯಾರು ಬಡಿಸಿದರು ಅಂತ ನೋಡೋದಿಲ್ಲ. ನಿಧಾನಕ್ಕೆ ಎಲ್ಲ ಕೇಳಿದೆ. ಮಾತು, ಫೋನು ಬಿಟ್ಟು ಬೇರೇನೂ ಆಗಿರಲಿಲ್ಲ. ಆಗಿದ್ದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಅದನ್ನೂ ಅವಳಿಗೆ ಅರ್ಥವಾಗುವಂತೆ ಹೇಳಿದೆ. ಅವನು ಕೆಟ್ಟವನು ಅಂತ ನಾನು ಹೇಳಲಿಲ್ಲ, ಹೇಳಿದ್ದರೆ ಅವಳು ಅವನ ಪರ ನಿಂತು ನನ್ನ ಹತ್ತಿರ ಬಾಯಿ ಮುಚ್ಚುತ್ತಿದ್ದಳು. ಹೇಳಿದ್ದು ಇಷ್ಟೇ: "ನಿಜವಾಗಿ ನಿನ್ನ ಒಳ್ಳೇದು ಬಯಸುವ ದೊಡ್ಡವರು ಯಾರೂ ಮನೆಯಲ್ಲಿ ಹೇಳಬೇಡ ಅನ್ನಲ್ಲ. ಗುಟ್ಟಾಗಿಡು ಅಂದರೆ ಅಲ್ಲೇ ನಿಲ್ಲು, ಬಂದು ನನಗೋ ಟೀಚರ್‌ಗೋ ಹೇಳು." ಫೋನನ್ನು ಅಪ್ಪನೇ ಹೋಗಿ ವಾಪಸ್ ಕೊಟ್ಟು ಬರಬೇಕು, ಮಗಳನ್ನು ಒಂದು ಮಾತೂ ಬೈಯಬಾರದು ಅಂತ ಅಪ್ಪನಿಗೆ ಹೇಳಿದೆ. ಬೈಯಲಿಲ್ಲ. ಅಂಗಡಿಯಿಂದ ಬಂದು ನನ್ನೆದುರು ಕೂತಾಗ ಅವರ ಕೈ ನಡುಗುತ್ತಿತ್ತು. "ನಾನು ಕೇಳಬೇಕಾಗಿದ್ದನ್ನ ಅವನು ಕೇಳ್ತಿದ್ದ ಅಲ್ವಾ ಮೇಡಂ" ಅಂದರು. ಹೌದು ಅಂದೆ.

ಆಮೇಲೆ ಅಪ್ಪನಿಗೆ ಕೊಟ್ಟ ಸಲಹೆ ಸರಳ, ಮಾಡೋದು ಕಷ್ಟ. ದಿನಾ ರಾತ್ರಿ ಹದಿನೈದು ನಿಮಿಷ ಮಗಳ ಜೊತೆ. ಆ ಹೊತ್ತಿನಲ್ಲಿ ಫೋನ್ ಬೇಡ, ಬುದ್ಧಿವಾದ ಬೇಡ, ಮಾರ್ಕ್ಸಿನ ಮಾತು ಬೇಡ. ಮಾತು ಬರದಿದ್ದರೆ ಸುಮ್ನೆ ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿಯಿರಿ. ಉಡುಗೊರೆ ತರಬೇಡಿ, ಈಗ ಸೈಕಲ್ ಕೊಡಿಸಿಬಿಟ್ಟರೆ ನಿಮ್ಮ ಮನಸ್ಸು ಹಗುರವಾಗುತ್ತೆ, ಅವಳಿಗೆ ಅಪ್ಪ ಸಿಕ್ಕ ಹಾಗಾಗಲ್ಲ. ಮಾರ್ಕ್ಸ್ ಕಾರ್ಡಿಗೆ ನೀವೇ ಸಹಿ ಹಾಕಿ. ಕಳ್ಳಸಹಿಗೆ ಶಿಕ್ಷೆ ಬೇಡ, ಯಾರನ್ನೂ ತೊಂದರೆಪಡಿಸಬಾರದು ಅಂತ ಮಗು ಕಂಡುಕೊಂಡ ದಾರಿ ಅದು. ಮತ್ತೆ, ತೀರಿಹೋದ ತಾಯಿಯ ಒಂದು ಫೋಟೋ ಕೂಡ ಆ ಮನೆಯ ಗೋಡೆಯ ಮೇಲಿರಲಿಲ್ಲ. ಹೊಸ ಹೆಂಡತಿಗೆ ನೋವಾಗಬಾರದು ಅಂತ ಬೀರುವಿನಲ್ಲಿ ಇಟ್ಟುಬಿಟ್ಟಿದ್ದರು. ಅದನ್ನು ಹೊರಗೆ ತೆಗೆಯಿರಿ ಅಂದೆ. ತಾಯಿಯ ಮಾತೇ ಆಡಬಾರದ ಮನೆಯಲ್ಲಿ ಮಗುವಿನ ದುಃಖಕ್ಕೆ ಜಾಗ ಎಲ್ಲಿ?

ಚಿಕ್ಕಮ್ಮನ ಬಗ್ಗೆ ಒಂದು ಮಾತು ಹೇಳಲೇಬೇಕು. ಇಲ್ಲಿಯವರೆಗೆ ಓದಿದವರಲ್ಲಿ ಎಷ್ಟೋ ಜನ ಅವಳನ್ನು ಆಗಲೇ ಬೈದುಕೊಂಡಿರುತ್ತೀರಿ. ನಮ್ಮ ಕಥೆಗಳು, ಸೀರಿಯಲ್‌ಗಳು ಮಲತಾಯಿ ಅಂದರೆ ರಾಕ್ಷಸಿ ಅಂತಲೇ ಕಲಿಸಿವೆ. ಈಕೆ 22ಕ್ಕೆ ಮದುವೆಯಾಗಿ ಬಂದವಳು, ಒಂದರ ಹಿಂದೆ ಒಂದು ಹೆರಿಗೆ, ನೆರವಿಗೆ ಯಾರೂ ಇಲ್ಲ. "ನಂಗೆ ಅವಳನ್ನ ಕಂಡ್ರೆ ಆಗಲ್ಲ ಅಂತೇನಿಲ್ಲ ಮೇಡಂ. ಹತ್ತಿರ ಹೋದ್ರೆ ಬೇಡ ಬೇಡ ಅಂತಾಳೆ. ನಾನೂ ಬಿಟ್ಬಿಟ್ಟೆ" ಅಂದಳು. ನಾನು ಅವಳಿಗೆ ಅಮ್ಮನಾಗು ಅಂತ ಹೇಳಲಿಲ್ಲ, ಆ ಭಾರ ಹೊರಿಸಿದರೆ ಇಬ್ಬರೂ ಸೋಲುತ್ತಾರೆ. ಭಾನುವಾರಕ್ಕೊಮ್ಮೆ ತಲೆಗೆ ಎಣ್ಣೆ ಹಚ್ಚು, ಬೇಡ ಅಂದರೂ ಮುಂದಿನ ಭಾನುವಾರ ಮತ್ತೆ ಕರೆ, ಬೇಜಾರು ಮಾಡಿಕೊಳ್ಳಬೇಡ ಅಂದೆ. ಮೊದಲ ಎರಡು ವಾರ ಗೌರಿ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳಂತೆ. ಮೂರನೇ ವಾರ ಬಂದು ಕೂತಳು.

ಟೀಚರ್‌ಗೆ ಹೇಳಿದ್ದು: ಪುಸ್ತಕ ಅವಳ ಹತ್ತಿರವೇ ಇರಲಿ, ಇನ್ನೊಂದು ಪ್ರತಿ ತರಿಸಿ ಲೈಬ್ರರಿಗೆ ಕೊಡೋಣ. ಎಲ್ಲರೆದುರು ಮುದ್ದು ಮಾಡಬೇಡಿ, ಮನೆಗೆ ಕರೆದುಕೊಂಡು ಹೋಗ್ತೀನಿ ಅನ್ನುವಂಥ ದೊಡ್ಡ ಮಾತು ಕೊಡಬೇಡಿ. ಇಂಥ ಮಕ್ಕಳಿಗೆ ಕೊಟ್ಟ ಮಾತು ತಪ್ಪಿದರೆ ಬಹಳ ಪೆಟ್ಟು. ವಾರಕ್ಕೊಂದು ದಿನ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಅಂದರೆ ಅಷ್ಟೇ, ಆದರೆ ಅದು ತಪ್ಪಬಾರದು.

ಗೌರಿಗೆ ನಾನು ಕೊಟ್ಟ ಹೋಂವರ್ಕ್, ದಿನಕ್ಕೆ ಒಂದು ಸಣ್ಣದನ್ನು ಯಾರ ಹತ್ತಿರವಾದರೂ ಕೇಳು. ಮೊದಲ ವಾರ ಬರೆದುಕೊಂಡು ಬಂದ ಪಟ್ಟಿಯಲ್ಲಿ ಒಂದೇ ಸಾಲಿತ್ತು: "ಪಕ್ಕದವಳ ಹತ್ತಿರ ರಬ್ಬರ್ ಕೇಳಿದೆ. ಕೊಟ್ಟಳು." ಆ ಎರಡನೇ ವಾಕ್ಯದ ಕೆಳಗೆ ಗೆರೆ ಎಳೆದಿದ್ದಳು.

ಎರಡು ತಿಂಗಳಾಗುವ ಹೊತ್ತಿಗೆ ಅಪ್ಪ ಗಾಬರಿಯಿಂದ ಫೋನ್ ಮಾಡಿದರು. "ಮೇಡಂ, ಮುಂಚೆ ಚೆನ್ನಾಗಿದ್ಲು. ಈಗ ಎದುರು ಮಾತಾಡ್ತಾಳೆ, ನಿನ್ನೆ ತಟ್ಟೆ ಎಸೆದ್ಲು, ತಮ್ಮಂದಿರನ್ನೇ ಎತ್ಕೋತೀರಿ ಅಂತ ಕೂಗಾಡಿದ್ಲು." ಇದನ್ನು ಮೊದಲೇ ಹೇಳಿ ಇಟ್ಟಿದ್ದೆ, ಆದರೂ ಎದುರಿಗೆ ಬಂದಾಗ ಯಾರಿಗಾದರೂ ಭಯವಾಗುತ್ತೆ. ಎಷ್ಟೋ ಮನೆಗಳು ಇಲ್ಲೇ ಕೈಬಿಡೋದು, ಪ್ರೀತಿ ತೋರಿಸಿದ್ದಕ್ಕೆ ತಲೆ ಮೇಲೆ ಕೂತಳು ಅಂತ. ವರ್ಷಗಟ್ಟಲೆ ನುಂಗಿದ ಸಿಟ್ಟು ಹೊರಗೆ ಬರೋದು ಬಂದರೂ ಪರವಾಗಿಲ್ಲ ಅನ್ನುವ ಜಾಗದಲ್ಲೇ. ಇವರು ನಿಜಕ್ಕೂ ನನ್ನ ಜೊತೆ ಇರ್ತಾರಾ ಅಂತ ಮಗು ಪರೀಕ್ಷೆ ಮಾಡುತ್ತೆ. ತಟ್ಟೆ ಎಸೆದದ್ದು ತಪ್ಪು ಅಂತ ಹೇಳಿ, ಚೆಲ್ಲಿದ ಅನ್ನ ಅವಳೇ ಬಳಿಯಲಿ, ಆದರೆ ಅವತ್ತಿನ ಹದಿನೈದು ನಿಮಿಷ ಮಾತ್ರ ತಪ್ಪಿಸಬೇಡಿ ಅಂದೆ.

ಗೌರಿಯ ಮನೆಯವರು ಕರೆದ ತಕ್ಷಣ ಬಂದರು. ಎಲ್ಲರೂ ಬರೋದಿಲ್ಲ. ಮನೆಯವರು ಮಗುವನ್ನು ನೋಡಿಕೊಳ್ಳುತ್ತಲೇ ಇಲ್ಲ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಕೆಳಗೆ ಜಿಲ್ಲೆಗಳಲ್ಲಿ ಮಕ್ಕಳ ಕಲ್ಯಾಣ ಸಮಿತಿ ಇರುತ್ತೆ. ಮಗುವನ್ನು ಹಾಸ್ಟೆಲ್ಲಿಗೋ ಬಾಲಮಂದಿರಕ್ಕೋ ಹಾಕಿಬಿಡ್ತಾರೆ ಅಂತ ಹೆದರಿ ಸುಮ್ಮನಿರಬೇಡಿ, ಕುಟುಂಬದಲ್ಲೇ ಉಳಿಸಿಕೊಳ್ಳುವ ದಾರಿಯನ್ನೇ ಮೊದಲು ನೋಡಬೇಕು ಅಂತ ಕಾಯ್ದೆಯಲ್ಲೇ ಇದೆ. ಮಕ್ಕಳ ರಕ್ಷಣೆಗೆ ಅಂತ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ, ಅಜ್ಜಿ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಬೆಳೆಯುವ ಅರ್ಹ ಬಡ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಚಿಕ್ಕಂದಿನಲ್ಲಿ ತಾನೇ ಗೌರಿಯಾಗಿದ್ದು ಈಗಲೂ ಯಾರ ಹತ್ತಿರವೂ ಏನೂ ಕೇಳೋಕಾಗದೆ ಒದ್ದಾಡುವ ದೊಡ್ಡವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.

ಬಿತ್ತನೆ ಸೀಸನ್ನಿನಲ್ಲಿ ಅಪ್ಪನ ಅಂಗಡಿಯಲ್ಲಿ ಜನವೋ ಜನ, ರಾತ್ರಿ ಹತ್ತಾದರೂ ಮನೆಗೆ ಬರುತ್ತಿರಲಿಲ್ಲ, ಹದಿನೈದು ನಿಮಿಷ ನಿಂತೇಹೋಯಿತು. ನಾಲ್ಕನೇ ದಿನ ಸಂಜೆ ಗೌರಿ ಯೂನಿಫಾರಂನಲ್ಲೇ ಅಂಗಡಿಗೆ ಹೋಗಿ, ಗಿರಾಕಿಗಳ ಮಧ್ಯೆ ನಿಂತು, "ಅಪ್ಪ, ನಂದು ಒಂದು ಗಂಟೆ ಬಾಕಿ ಇದೆ" ಅಂದಳಂತೆ. ಈಗ ಆ ಹದಿನೈದು ನಿಮಿಷ ಅಂಗಡಿಯಲ್ಲೇ ನಡೆಯುತ್ತಿದೆ. ಗೌರಿ ಬಿಲ್ಲು ಬರೆಯೋದನ್ನೂ ಕಲಿತಿದ್ದಾಳೆ. ಅಮ್ಮನ ಫೋಟೋ ಬೀರುವಿನಿಂದ ಹೊರಗೆ ಬಂದಿದೆ, ಆದರೆ ಅಮ್ಮನ ಬಗ್ಗೆ ಮಾತಾಡೋದು ಅಪ್ಪನಿಗೆ ಇನ್ನೂ ಆಗುತ್ತಿಲ್ಲ. ಗೌರಿ ಕೇಳುತ್ತಾಳೆ, ಅವರು ಎದ್ದು ಹೊರಗೆ ಹೋಗುತ್ತಾರೆ. ಮುಂದಿನ ಭೇಟಿಗೆ ಅಪ್ಪ ಒಬ್ಬರನ್ನೇ ಕರೆದಿದ್ದೇನೆ.