ಮಳೆಗಾಲದಲ್ಲಿ ನೈಟ್ರೇಟಿನ ತೂಕ ನಂಬಬೇಡಿ

ಶಂಕರಘಟ್ಟದ ಲ್ಯಾಬಲ್ಲಿ ಘನ ಆಕ್ಸೈಡ್ ಇಂಧನ ಕೋಶದ ರಂಧ್ರಮಯ ಎಲ್‌ಎಸ್‌ಎಂ (ಲ್ಯಾಂಥನಂ ಸ್ಟ್ರಾನ್ಷಿಯಂ ಮ್ಯಾಂಗನೈಟ್) ಕ್ಯಾಥೋಡ್‌ಗೆ ಸೀರಿಯಂ ನೈಟ್ರೇಟ್ ದ್ರಾವಣ ಹೀರಿಸಿ, ಸುಟ್ಟು ಸೀರಿಯಾ (ಸೀರಿಯಂ ಆಕ್ಸೈಡ್) ನ್ಯಾನೋಕಣ ತುಂಬಿಸಿದರೆ ಲೆಕ್ಕಕ್ಕಿಂತ ತೂಕ ಕಡಿಮೆ ಬರುತ್ತೆ, ಮೇಲೆ ಹಕ್ಕಳೆಯೂ ಕಟ್ಟುತ್ತೆ ಅಂದಿದ್ದೀರಿ. ಎರಡಕ್ಕೂ ಕಾರಣ ಬೇರೆ ಬೇರೆ.

ತೂಕದ್ದು ಬಹುಶಃ ಮಲೆನಾಡಿನ ಥಂಡಿಯ ಕಿತಾಪತಿ. ಸೀರಿಯಂ ನೈಟ್ರೇಟ್ ತೇವ ಹೀರುತ್ತೆ, ಹಾಗಾಗಿ ತೂಗಿದ್ದರಲ್ಲಿ ಸೀರಿಯಂ ಕಡಿಮೆ ಇರುತ್ತೆ. ಜುಲೈನಲ್ಲಿ ಮುಚ್ಚಳ ಸಡಿಲ ಬಿಟ್ಟ ಬಾಟಲಿಯಾದರೆ ಕೇಳೋದೇ ಬೇಡ. 1 ಗ್ರಾಂ ಶುದ್ಧ ಹೆಕ್ಸಾಹೈಡ್ರೇಟನ್ನು (ಆರು ನೀರಿನ ಅಣು ಸೇರಿದ ಈ ನೈಟ್ರೇಟನ್ನು) ಕ್ರೂಸಿಬಲ್‌ನಲ್ಲಿ 800 ಡಿಗ್ರಿಗೆ ಸುಟ್ಟರೆ 0.396 ಗ್ರಾಂ ಆಕ್ಸೈಡ್ ಸಿಗಬೇಕು. ನಿಧಾನ ಕಾಯಿಸಿ, ಇಲ್ಲದಿದ್ದರೆ ಉಕ್ಕಿ ಸಿಡಿಯುತ್ತೆ. ಕಂದು ಹೊಗೆ ವಿಷ, ಫ್ಯೂಮ್ ಹುಡ್ ಬೇಕೇ ಬೇಕು. ನಿಜಕ್ಕೂ ಎಷ್ಟು ಸಿಕ್ಕಿತೋ ಅದರ ಮೇಲೆ ದ್ರಾವಣದ ಮೊಲಾರಿಟಿ (ಲೀಟರಿಗೆ ಎಷ್ಟು ಮೋಲ್) ಲೆಕ್ಕ ಹಾಕಿ.

ಹಕ್ಕಳೆಗೆ: ಒದ್ದೆ ಇರುವಾಗಲೇ ಮೇಲ್ಮೈ ಒರೆಸಿ, 80 ಡಿಗ್ರಿಯಲ್ಲಿ ಒಣಗಿಸಿ. ಅವಸರಪಟ್ಟರೆ ಉಪ್ಪು ಮೇಲೆದ್ದು ರಂಧ್ರದ ಬಾಯಿ ಮುಚ್ಚುತ್ತೆ. 450ಕ್ಕೆ ಸುಟ್ಟು, ತೂಗಿ, ಮತ್ತೆ ತುಂಬಿಸಿ. ಇಂಪೀಡೆನ್ಸ್ (ಎಸಿ ವಿದ್ಯುತ್ತಿಗೆ ಕೋಶ ಒಡ್ಡುವ ತಡೆ) ನಕ್ಷೆಯಲ್ಲಿ ಕಡಿಮೆ ಆವರ್ತನದ ಕಮಾನು ಬೆಳೆಯತೊಡಗಿದರೆ ಗಾಳಿಯ ದಾರಿ ಕಟ್ಟುತ್ತಿದೆ ಅಂತ, ಅಲ್ಲಿಗೆ ನಿಲ್ಲಿಸಿ.